ಎಂಟನೆಯ ದೀಪ

ಅಲ್ಮಾತಿ, ನವೆಂಬರ್ 5, 2023

ಪ್ರೀತಿಯ ಅಜ್ಜಿ,

ನೀನು ಬೋರ್ಯಾ ಮಾವನ ಜೊತೆ ಪರದೇಶದ ಕಾಸೆಲ್‌ಗೆ ಹೋದಾಗಿನಿಂದ, ಶುಕ್ರವಾರ ಸಂಜೆ ಒಬ್ಬಳೇ ಏನು ಮಾಡುತ್ತೀ ಎಂದು ಪ್ರತಿ ಪತ್ರದಲ್ಲೂ ಕೇಳುತ್ತೀಯ. ಆರು ವರ್ಷ "ಏನೂ ಇಲ್ಲ" ಎಂದೇ ಬರೆದೆ. ಈಗ ಬರೆಯಲು ವಿಷಯ ಸಿಕ್ಕಿದೆ, ಕೇಳು.

ಎಳೆದುಕೊಂಡು ಹೋದವಳು ನನ್ನ ಹಲ್ಲಿನ ಡಾಕ್ಟರ್. ನನ್ನ ಬಾಯಲ್ಲಿ ಕೈಯಿಟ್ಟುಕೊಂಡೇ "ಈ ಶುಕ್ರವಾರ ಬಿಡುವಾಗಿದ್ದೀಯಲ್ಲ?" ಎಂದಳು. ಇಲ್ಲ ಎನ್ನಲು ಬಾಯಿ ಎಲ್ಲಿತ್ತು! ಹೀಗೆ ಯೆಹೂದಿ ಗುರು ರಬ್ಬಿ ಮೆನಾಶೆಯವರ ಮನೆ ಸೇರಿದೆ. ಮೇಲ್ಗಡೆ, ಬೆಟ್ಟದ ಬದಿಗಿದೆ ಮನೆ. ಅವರ ಹೆಂಡತಿ ಶೇಂಡೆಲ್. ಐದು ಮಕ್ಕಳು. ಪ್ರತಿ ಶುಕ್ರವಾರ ಸಂಜೆ ನಮ್ಮಂಥ ದುಡಿಯುವ ಹುಡುಗ ಹುಡುಗಿಯರಿಗೆ ಅಲ್ಲಿ ಊಟ. ಬ್ಯಾಂಕಿನವರು, ವಿಮಾನ ಹಾರಿಸುವವರು, ಕ್ಯಾಸ್ಪಿಯನ್ ತೈಲಬಾವಿಯಿಂದ ರಜೆಯ ಮೇಲೆ ಬಂದವರು. ಅಜ್ಜನ ಪಾಸ್‌ಪೋರ್ಟಿನ ಜನಾಂಗ ಬರೆದ ಐದನೇ ಸಾಲು ಬಿಟ್ಟರೆ, ತಾವು ಯೆಹೂದಿಗಳು ಎಂಬುದಕ್ಕೆ ಬೇರೆ ಯಾವ ಕುರುಹೂ ಇಲ್ಲದವರೇ ಹೆಚ್ಚು. ನನ್ನ ಹಾಗೆ.

ಶೇಂಡೆಲ್ ಬ್ರೂಕ್ಲಿನ್‌ನಲ್ಲಿ ಹುಟ್ಟಿದವಳು. ಹದಿನಾಲ್ಕು ವರ್ಷದಿಂದ ಇಲ್ಲಿದ್ದರೂ ಅವಳ ರಷ್ಯನ್ ಭಾಷೆಯಲ್ಲಿ ಗಂಡು ಹೆಣ್ಣು ಇನ್ನೂ ಕಲಸಿಹೋಗಿವೆ. ನಾನು ಬಾಗಿಲಿಗೆ ಬಂದರೆ ಸಾಕು, "ಇನೆಸ್ಸಾ ಬಂದ! ಕೂತ್ಕೋ, ಕೂತ್ಕೋ. ಸೂಪ್ ಒಲೆ ಮೇಲಿದಾಳೆ, ಈಗ ಬರ್ತಾಳೆ!" ಎಂದು ಕೂಗುತ್ತಾಳೆ. ಮಕ್ಕಳು ನಕ್ಕರೆ ತಾನೂ ನಗುತ್ತಾಳೆ.

ಮೊದಲ ವಾರ ತಟ್ಟೆ ಜೋಡಿಸಲು ಕೈಹಾಕಿದೆ. ಬರುವವರು ಹದಿನಾರು, ಅವಳು ಕೊಟ್ಟದ್ದು ಹತ್ತೊಂಬತ್ತು ತಟ್ಟೆ.

"ಇನ್ನು ಮೂರು ಜನ ಯಾರು?" ಎಂದೆ.

"ಗೊತ್ತಿಲ್ಲ."

"ಗೊತ್ತಿಲ್ದೆ ತಟ್ಟೆ ಇಡ್ತೀರಾ?"

"ಇಟ್ಟಿದ್ರೆ ತಾನೇ ಬರೋದು!"

ಊಟದ ನಡುವೆ ಇಬ್ಬರು ಬಂದರು, ಪರಿಚಯದವರ ಪರಿಚಯದವರು. ಮೂರನೇ ತಟ್ಟೆಯನ್ನು ಎತ್ತಿಡುವಾಗ ಶೇಂಡೆಲ್ ಮುಖ ಸ್ವಲ್ಪ ಪೆಚ್ಚಾಗಿತ್ತು.

ಶುಕ್ರವಾರ ಸೂರ್ಯ ಮುಳುಗಲು ಹದಿನೆಂಟು ನಿಮಿಷ ಇರುವಾಗ ಅವಳು ದೀಪ ಹಚ್ಚುತ್ತಾಳೆ. ಎರಡು ದೀಪ ಎಲ್ಲರಿಗೂ ಇರುವುದು, ಮೇಲೆ ಮಗುವಿಗೊಂದರಂತೆ ಐದು, ಒಟ್ಟು ಏಳು. ಅಲ್ಲಿಂದ ಶನಿವಾರ ಕತ್ತಲಾಗುವವರೆಗೆ ಶಬ್ಬಾತ್, ಅವರ ವಿಶ್ರಾಂತಿಯ ದಿನ. ಬೆಂಕಿ ಮುಟ್ಟುವುದಿಲ್ಲ, ಫೋನ್ ಮುಟ್ಟುವುದಿಲ್ಲ. ಒಂದಿಡೀ ಸಂಜೆ ಹದಿನೆಂಟು ಜನರ ಫೋನ್ ಸುಮ್ಮನಿರುವುದನ್ನು ನೀನು ನೋಡಬೇಕಿತ್ತು.

ನಿನ್ನ
ಇನೆಸ್ಸಾ


ಕಾಸೆಲ್, ನವೆಂಬರ್ 26, 2023

ಇನೊಚ್ಕಾ,

ಪತ್ರ ಮುಟ್ಟಿತು. ದಾರಿಯಲ್ಲಿ ಹದಿನೈದು ದಿನ. ನಮ್ಮ ಕಾಲದ ಕಲ್ಲಿದ್ದಲ ಗಾಡಿಯೂ ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ. ಫೋನ್ ಮಾಡು ಎಂದು ಬೋರ್ಯಾ ಪೀಡಿಸುತ್ತಾನೆ. ಎಡಗಿವಿ ರೈಲಿನ ಸಿಳ್ಳೆ ಕೇಳಿ ಕೇಳಿ ಹೋಗಿದೆ, ಬಲಗಿವಿಗೆ ನಿನ್ನ ದನಿ ಸ್ಟೇಷನ್ನಿನ ಧ್ವನಿವರ್ಧಕದ ಹಾಗೆ ಕೇಳುತ್ತದೆ. ಅದೂ ಅಲ್ಲದೆ, ನಲವತ್ತೊಂದು ವರ್ಷ ರೈಲುಗಳ ಓಡಾಟ ನಿಯಂತ್ರಿಸಿದವಳು ನಾನು. ಬರವಣಿಗೆಯಲ್ಲಿ ಇಲ್ಲದ್ದು ನನ್ನ ಮಟ್ಟಿಗೆ ನಡೆದೇ ಇಲ್ಲ.

ಈಗ ನಿನ್ನ ಶೇಂಡೆಲ್ ವಿಷಯ. ಪತ್ರದಲ್ಲಿ ಅವಳ ಹೆಸರು ಮೂರು ಸಲ ಬಂದಿದೆ, ಅಜ್ಜಿ ಎಂಬುದು ಒಂದೇ ಸಲ. ಎಣಿಸುವುದು ನನ್ನ ಕಸುಬು, ಬೇಜಾರು ಮಾಡಿಕೊಳ್ಳಬೇಡ.

ವಾರ ವಾರ ಹತ್ತೊಂಬತ್ತು ತಟ್ಟೆ ಸೂಪು ಸುಮ್ಮನೆ ಕೊಡುವವರು ಯಾರು? ನಮ್ಮ ಸ್ಟೇಷನ್ನಿನಲ್ಲೂ ಒಬ್ಬ ಇದ್ದ, ಸಿಬ್ಬಂದಿ ವಿಭಾಗದವನು. ಹೊಸ ಹುಡುಗಿಯರನ್ನು ಕರೆದು ಚಹಾ ಕೊಡುತ್ತಿದ್ದ, ಮೂರನೇ ಲೋಟಕ್ಕೆ, ಜೊತೆಯವರ ಮೇಲೆ ಕಣ್ಣಿಟ್ಟು ವರದಿ ಕೊಡುತ್ತೇನೆ ಎಂಬ ಒಂದು ಕಾಗದ ಮುಂದಿಟ್ಟು ಸಹಿ ಹಾಕು ಎನ್ನುತ್ತಿದ್ದ. ನಿನ್ನ ಸೂಪಿನ ಕಾಗದ ಇನ್ನೂ ಬಂದಿಲ್ಲ ಅಷ್ಟೆ.

ಹದಿನಾಲ್ಕು ವರ್ಷದಿಂದ ಇದ್ದಾರಂತೆ. ವಾಪಸ್ಸು ಯಾವಾಗ ಹೋಗುತ್ತಾರೆ, ಕೇಳಿದೆಯಾ?

ಮಫ್ಲರ್ ಕಟ್ಟಿಕೊಂಡು ಓಡಾಡು.

ಅಜ್ಜಿ


ಅಲ್ಮಾತಿ, ಫೆಬ್ರವರಿ 11, 2024

ಪ್ರೀತಿಯ ಅಜ್ಜಿ, ಅಜ್ಜಿ, ಅಜ್ಜಿ (ಎಣಿಸಿಕೋ),

ತಡವಾಯಿತು, ಕ್ಷಮಿಸು. ಜನವರಿಯಲ್ಲಿ ಭೂಮಿ ನಡುಗಿದ ಮೇಲೆ ನಮಗೆ ಕಟ್ಟಡಗಳ ಬಿರುಕು ನೋಡುವುದೇ ಕೆಲಸ. ದಿನಕ್ಕೆ ನಾಲ್ಕು ಕಟ್ಟಡ ಹತ್ತಿ ಇಳಿಯುತ್ತೇನೆ. ನಡುಗಿದ ಮರುದಿನ ಶೇಂಡೆಲ್ ತನ್ನ ಮೇಜಿಗೆ ಬಂದುಹೋಗುವವರ ಅರವತ್ತು ಮನೆಗಳಿಗೂ ಒಂದೊಂದಾಗಿ ಫೋನ್ ಮಾಡಿದಳು. ನನಗೆ ಮಾಡಿದಾಗ ದನಿ ಬಿದ್ದುಹೋಗಿತ್ತು. "ಇನೆಸ್ಸಾ, ನಿನ್ ಗೋಡೆ ಚೆನ್ನಾಗಿದಾನಾ?" ಎಂದಳು.

ನೀನು ಕೇಳಿದ್ದನ್ನು ಕೇಳಿದೆ. ವಾಪಸ್ಸು ಹೋಗುವುದಿಲ್ಲವಂತೆ. ಮದುವೆಯಾದ ಮರುವರ್ಷ ಒಂದೇ ಕಡೆಯ ಟಿಕೆಟ್ ಕೊಂಡು ಬಂದರಂತೆ. ಅವರ ಪೈಕಿ ಇಂಥ ಕುಟುಂಬಗಳು ಎಲ್ಲೆಲ್ಲೋ ಇವೆ. ಹೋದ ಊರೇ ಊರು, ಅಲ್ಲೇ ಮಕ್ಕಳು, ಅಲ್ಲೇ ಮಣ್ಣು. "ಅಮ್ಮ ನೆನಪಾಗಲ್ವಾ?" ಎಂದೆ. ಶೇಂಡೆಲ್ ಹಿಟ್ಟು ನಾದುತ್ತಿದ್ದಳು. "ದಿನಾ," ಎಂದಳು, ನಾದುವುದನ್ನು ನಿಲ್ಲಿಸಲಿಲ್ಲ.

ಕಾಗದಕ್ಕೆ ಸಹಿ ಹಾಕು ಎಂದು ಯಾರೂ ಹೇಳಿಲ್ಲ. ಹೇಳಿದ್ದು ಒಂದೇ, ಅದೂ ನಾನೇ ಕೇಳಿದ ಮೇಲೆ. "ನಾನೂ ಮನೆಯಲ್ಲಿ ದೀಪ ಹಚ್ಚಬಹುದಾ?" ಎಂದೆ. ಅವಳು ಹಿಟ್ಟಿನ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು, ಕೋಟು ಇನ್ನೂ ಬೆಳ್ಳಗಿದೆ. ಮಾರ್ಚ್ ಒಂದು, ಶುಕ್ರವಾರ, ನನ್ನ ಮೊದಲ ದೀಪ, ನಮ್ಮ ಅಡುಗೆಮನೆಯಲ್ಲಿ, ನಿನ್ನ ಹಳೇ ಮೇಜಿನ ಮೇಲೆ. ಕಚೇರಿಯ ಇಬ್ಬರನ್ನು ಊಟಕ್ಕೆ ಕರೆದಿದ್ದೇನೆ. ನಾಲ್ಕು ತಟ್ಟೆ ಇಡುತ್ತೇನೆ, ನಾಲ್ಕನೆಯದು ಯಾರಿಗೆ ಎಂದು ಕೇಳಬೇಡ.

ಅವತ್ತೇ ಸರ್ಕಾರ ಇಡೀ ದೇಶಕ್ಕೆ ಒಂದೇ ಗಡಿಯಾರ ಮಾಡುತ್ತಿದೆ. ನಮ್ಮ ಅಲ್ಮಾತಿಯ ಗಡಿಯಾರ ಒಂದು ಗಂಟೆ ಹಿಂದಕ್ಕಂತೆ. ಊರೆಲ್ಲ ಬೈದುಕೊಳ್ಳುತ್ತಿದೆ. ದೀಪದ ಹೊತ್ತಿನ ಕ್ಯಾಲೆಂಡರ್ ಹೋದ ಸೆಪ್ಟೆಂಬರಿನಲ್ಲೇ ಅಚ್ಚಾಗಿರುವುದರಿಂದ ಶೇಂಡೆಲ್ ಎಲ್ಲರಿಗೂ ತಿದ್ದುಪಡಿಯ ಚೀಟಿ ಮಾಡಿ ಅಂಟಿಸಿದ್ದಾಳೆ. ನಿನಗೂ ಒಂದು ಪ್ರತಿ ಇದರ ಜೊತೆಗಿದೆ. ಗೋಡೆಗೆ ಹಾಕು. ಅವತ್ತು ಆ ಹೊತ್ತಿಗೆ ನನ್ನನ್ನು ನೆನೆಸಿಕೋ.

ಇನೆಸ್ಸಾ


ಕಾಸೆಲ್, ಫೆಬ್ರವರಿ 24, 2024

ಇನೊಚ್ಕಾ,

ಕ್ಯಾಲೆಂಡರ್ ಬಂತು. ಕಾಗದ ಚೆನ್ನಾಗಿದೆ, ಚಿತ್ರಗಳೂ ಚೆನ್ನಾಗಿವೆ. ಫ್ರಿಜ್ಜಿನ ಪಕ್ಕ ಮೊಳೆ ಹೊಡೆಸಿ ಹಾಕಿದ್ದೇನೆ.

ಇಲ್ಲಿ ಮಳೆ. ಮೊಣಕಾಲು ಹಾಗೇ ಇದೆ. ಬೋರ್ಯಾನ ಹೆಂಡತಿ ಮೂಲಂಗಿ ತಿನ್ನಬೇಡಿ ಎನ್ನುತ್ತಾಳೆ, ನಾನು ತಿನ್ನುತ್ತೇನೆ. ನಿನ್ನೆ ಸ್ಟೇಷನ್ನಿಗೆ ನಡೆದು ಹೋಗಿ ಬೆಂಚಿನ ಮೇಲೆ ಕೂತಿದ್ದೆ. ಎರಡು ರೈಲು ಬಂದವು, ಎರಡೂ ತಡ. ಯಾರೂ ಯಾರನ್ನೂ ಕೇಳಲಿಲ್ಲ.

ವಾಪಸ್ಸಿನ ಟಿಕೆಟ್ ಇಲ್ಲದೆ ಅಲ್ಮಾ-ಅತಾಗೆ (ನಿಮ್ಮ ಅಲ್ಮಾತಿಗೆ ನಮ್ಮ ಕಾಲದ ಹೆಸರು) ಬರುತ್ತಿದ್ದವರು ನನ್ನ ಕಾಲದಲ್ಲಿ ಎರಡೇ ಬಗೆ, ಗಡಿಪಾರಾದವರು ಮತ್ತು ತಲೆಕೆಟ್ಟವರು. ತಾವಾಗಿ ಕೊಂಡುಕೊಂಡು ಬರುವವರೂ ಇದ್ದಾರೆ ಎಂದು ಈಗ ತಿಳಿಯಿತು.

ಮೇಜಿನ ಒಂದು ಕಾಲು ಗಿಡ್ಡ. ದೀಪ ಇಡುವ ಮೊದಲು ಅಡಿಗೆ ರಟ್ಟು ಕೊಡು.

ಅಜ್ಜಿ


ಅಲ್ಮಾತಿ, ಮಾರ್ಚ್ 10, 2024

ಪ್ರೀತಿಯ ಅಜ್ಜಿ,

ಒಂಬತ್ತು ದಿನ ಪೆನ್ನು ಹಿಡಿಯಲಾಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಾರ್ಚ್ ಒಂದರಂದು ಮಧ್ಯಾಹ್ನ ಮೂರಕ್ಕೇ ಕಚೇರಿಯಿಂದ ಬಂದೆ. ಫೋನ್ ಆಗಲೇ ಆರಿಸಿ, ಮತ್ತೆ ಆಸೆಯಾಗಬಾರದೆಂದು ಹಿಟ್ಟಿನ ಡಬ್ಬಿಯೊಳಗೆ ಹೂತಿಟ್ಟೆ. ಮೇಜಿನ ಕಾಲಿಗೆ, ನಿನ್ನ ಪತ್ರ ಬರುವ ಮೊದಲೇ, ರಟ್ಟು ಕೊಟ್ಟೆ. ಕ್ಯಾಲೆಂಡರಿನಲ್ಲಿ ಅವತ್ತಿಗೆ ಅಚ್ಚಾಗಿದ್ದದ್ದು 6:23. ಚೀಟಿಯಲ್ಲಿ "ಮಾರ್ಚ್‌ನಿಂದ ಎಲ್ಲಕ್ಕೂ ಒಂದು ಗಂಟೆ ಸೇರಿಸಿ" ಎಂದಿತ್ತು. ಸರಿಯಾಗಿ 7:23ಕ್ಕೆ, ಒಂದು ಸೆಕೆಂಡ್ ಆಚೀಚೆ ಇಲ್ಲದೆ, ಎರಡು ದೀಪ ಹಚ್ಚಿದೆ. ಕಿಟಕಿಯಾಚೆ ಗವ್ವೆನ್ನುವ ಕತ್ತಲು. ಗಡಿಯಾರ ಬದಲಾದ ಮೊದಲ ದಿನ, ಹೀಗೇ ಇರಬೇಕು ಎಂದುಕೊಂಡೆ. ಕಣ್ಣಿಗಿಂತ ಕಾಗದ ನಂಬುವುದು ನಮ್ಮ ಎಂಜಿನಿಯರುಗಳ ರೋಗ. ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಕಚೇರಿಯ ಇಬ್ಬರೂ ಆಮೇಲೆ ಬಂದು ಉಂಡು ಹೋದರು.

ಮರುದಿನ ಒಂದು ಗಂಟೆ ಮೇಲ್ಮುಖವಾಗಿ ನಡೆದು ಅವರ ಮನೆಗೆ ಮಧ್ಯಾಹ್ನದ ಊಟಕ್ಕೆ ಹೋದೆ. ಹದಿನೆಂಟು ಜನ ಮೇಜಿಗೆ ಕೂತಿದ್ದರು. ಬಾಗಿಲಲ್ಲೇ ನಿಂತು ಕೂಗಿದೆ: "ಹಚ್ಚಿದೆ! ಏಳೂ ಇಪ್ಪತ್ತಮೂರಕ್ಕೆ!"

ಎಲ್ಲರೂ ಶೇಂಡೆಲ್ ಕಡೆ ತಿರುಗಿದರು. ಆರು ವರ್ಷದ ಫ್ರೂಮಾ ಬಾಯಿ ತೆರೆದು "ಆದ್ರೆ ಅಮ್ಮಾ, ಅಷ್ಟೊತ್ತಿಗೆ..." ಎಂದಳು. ಶೇಂಡೆಲ್ ಆ ಬಾಯಿಗೆ ಒಂದು ದೊಡ್ಡ ಮೀನಿನ ತುಂಡು ತುರುಕಿದಳು. ಆಮೇಲೆ "ಮಜಲ್ ತೋವ್!" ಎಂದು ಓಡಿ ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಮೇಜಿಡೀ ಹಾಡಲು ಶುರುಮಾಡಿತು. ಹಲ್ಲಿನ ಡಾಕ್ಟರ್ ಎದ್ದು ಕುಣಿದಳು. ನನಗೆ ಅಷ್ಟು ಸಂತೋಷ ಜೀವನದಲ್ಲೇ ಆಗಿರಲಿಲ್ಲ, ಅಜ್ಜಿ.

ಭಾನುವಾರ ಬೆಳಿಗ್ಗೆ ಶೇಂಡೆಲ್ ನಮ್ಮ ಮನೆಗೆ ಬಂದಳು. ಕೂರಲಿಲ್ಲ. ಫ್ರಿಜ್ಜಿನ ಮುಂದೆ ನಿಂತು ಆ ಚೀಟಿಯನ್ನು ಕಿತ್ತು ಕೈಯಲ್ಲಿ ಮುದ್ದೆ ಮಾಡಿದಳು.

"ಸೇರಿಸೋದಲ್ಲ, ಕಳೆಯೋದು," ಎಂದಳು. "ಐದೂ ಇಪ್ಪತ್ತಮೂರು. ನಾನು ಹುಟ್ಟಿದ ಊರಲ್ಲಿ ಮಾರ್ಚ್ ಬಂದ್ರೆ ಗಡಿಯಾರ ಮುಂದಕ್ಕೆ ಹೋಗುತ್ತೆ. ಕೈ ತಾನಾಗೇ ಬರೀತು. ಮೆನಾಶೆ ಊರಲ್ಲಿರ್ಲಿಲ್ಲ, ನೋಡೋರು ಯಾರೂ ಇರ್ಲಿಲ್ಲ."

ಶುಕ್ರವಾರ ನಾಲ್ಕೂವರೆಗೆ ಅವರ ಗೇಟಿನ ಕಾವಲುಗಾರ ಬೌರ್ಜಾನ್ ಅಗಾ ಬಾಗಿಲು ತಟ್ಟಿದನಂತೆ. ರಮ್ಜಾನ್ ಹತ್ತಿರ ಬಂತಲ್ಲ, ಅವನ ಕಣ್ಣು ಸೂರ್ಯನ ಮೇಲೇ ಇರುತ್ತದೆ. "ಅಕ್ಕಾ, ಹೊತ್ತು ಇಳೀತಾ ಇದೆ, ನಿಮ್ಮ ದೀಪ ಇವತ್ತಿಲ್ವಾ?" ಎಂದನಂತೆ. ಆಗ ಇವಳಿಗೆ ಹೊಳೆದದ್ದು. ಐವತ್ತು ನಿಮಿಷದಲ್ಲಿ ಅರವತ್ತು ಮನೆಗೆ ಫೋನ್. ಐವತ್ತೊಂಬತ್ತು ಸಿಕ್ಕವು. ಅರವತ್ತನೆಯದು ಹಿಟ್ಟಿನ ಡಬ್ಬಿಯಲ್ಲಿತ್ತು.

ಸೂರ್ಯ ಮುಳುಗಿದ ಮೇಲೆ ಬೆಂಕಿ ಹಚ್ಚುವುದು ಶಬ್ಬಾತ್ ಮುರಿದ ಹಾಗೆ. ನನ್ನ ಮೊದಲ ದೀಪವೇ ಹಾಗಾಯಿತು.

ನನಗೆ ಸಿಟ್ಟು ಬಂದದ್ದು ಚೀಟಿಗಲ್ಲ. "ಹದಿನೆಂಟು ಜನಕ್ಕೂ ಗೊತ್ತಿತ್ತು!" ಎಂದು ಕಿರುಚಿದೆ. "ಗೊತ್ತಿದ್ದೂ ಸುಮ್ಮನಿದ್ರಿ! ನಾನಲ್ಲಿ ಕೋಡಂಗಿ ಥರ ಕುಣೀತಿದ್ದೆ!"

"ನಾನೇ ಹೇಳ್ಬೇಡಿ ಅಂದೆ. ಶನಿವಾರ ಹೇಳಿದ್ರೆ ದೀಪ ಸರಿಯಾಗ್ತಿತ್ತಾ? ನಿನ್ ಸಂತೋಷ ಮಾತ್ರ ಹೋಗ್ತಿದ್ದ." ಅಳುವಾಗಲೂ ಅವಳ ಗಂಡು ಹೆಣ್ಣು ಸರಿಯಾಗಲಿಲ್ಲ. "ನೀನು ಹೇಳಿದ್ದನ್ನ ಹೇಳಿದ ಹಾಗೆ ಮಾಡಿದೀಯ. ತಪ್ಪು ನನ್ನದು, ಅದಕ್ಕೆ ದಂಡಾನೂ ನಾನೇ ಕಟ್ತೀನಿ."

ಅವರಲ್ಲಿ ಒಂದು ಪದ್ಧತಿಯಿದೆ. ಒಂದು ಶುಕ್ರವಾರ ದೀಪ ತಪ್ಪಿಸಿದ ಹೆಂಗಸು ಅಂದಿನಿಂದ ಬದುಕಿರುವವರೆಗೆ ಪ್ರತಿ ವಾರ ಒಂದು ದೀಪ ಹೆಚ್ಚಿಗೆ ಹಚ್ಚಬೇಕು. ಅದು ನನ್ನ ಪಾಲಿಗೆ ಬರಬೇಕಿತ್ತು. ಶೇಂಡೆಲ್ ತಾನು ತೆಗೆದುಕೊಂಡಳು. ಮೊನ್ನೆ ಶುಕ್ರವಾರ ಅವಳ ತಟ್ಟೆಯಲ್ಲಿ ಎಂಟು ದೀಪ. ಬಂದವರೆಲ್ಲ ಎಣಿಸಿ ಅವಳ ಹೊಟ್ಟೆಯ ಕಡೆ ನೋಡಿದರು. ಒಬ್ಬಳು ಕಿವಿಯಲ್ಲಿ "ಯಾವ ತಿಂಗಳು?" ಎಂದೂ ಕೇಳಿದಳಂತೆ. ಶೇಂಡೆಲ್ ನಕ್ಕು ಸುಮ್ಮನಾದಳು, ನನ್ನ ಹೆಸರು ಎತ್ತಲಿಲ್ಲ.

ಒಂದು ವಾರದಲ್ಲಿ ಅರವತ್ತು ಮನೆಗೂ ಸ್ವತಃ ಹೋಗಿ ಪೆನ್ನಿನಲ್ಲಿ ತಿದ್ದಿ ಬಂದಳು. ನಾನೂ ಜೊತೆಗೆ ಹೋದೆ. ಪ್ರತಿ ಬಾಗಿಲಲ್ಲೂ ಮೊದಲ ಮಾತು "ನಾನು ತಪ್ಪು ಮಾಡಿದೀನಿ" ಎಂಬುದೇ. ಇಂಥವರ ಸೂಪಿಗೆ ನಾನು ಯಾವ ಕಾಗದಕ್ಕೆ ಬೇಕಾದರೂ ಸಹಿ ಹಾಕುತ್ತೇನೆ, ಅಜ್ಜಿ.

ನಿನ್ನ ಕ್ಯಾಲೆಂಡರಿನಲ್ಲೂ ತಿದ್ದಿಕೋ. ಕಳೆಯಬೇಕು.

ಇನೆಸ್ಸಾ


ಕಾಸೆಲ್, ಮಾರ್ಚ್ 28, 2024

ಇನೆಸ್ಸಾ,

ಮೂರು ಸಲ ಬರೆದು ಹರಿದು ಹಾಕಿದೆ. ಇದನ್ನು ಓದದೆ ಲಕೋಟೆಗೆ ಹಾಕುತ್ತೇನೆ.

ನನಗೆ ಗೊತ್ತಿತ್ತು.

ಕ್ಯಾಲೆಂಡರ್ ಬಂದದ್ದು ಫೆಬ್ರವರಿ 23ಕ್ಕೆ. ಚೀಟಿ ನೋಡಿದ ತಕ್ಷಣ ಗೊತ್ತಾಯಿತು. ಸೋವಿಯತ್ ಕಾಲದಲ್ಲಿ ಸ್ಟೇಷನ್ನಿನ ಒಳಗೆ ಮಾಸ್ಕೋ ಹೊತ್ತು, ಬಾಗಿಲಾಚೆ ನಮ್ಮೂರ ಹೊತ್ತು. ನಲವತ್ತೊಂದು ವರ್ಷ ತಲೆಯಲ್ಲೇ ಕೂಡಿ ಕಳೆದವಳಿಗೆ ಇದು ಕಾಣದೆ ಇರುತ್ತದೆಯೇ? ಗಡಿಯಾರ ಹಿಂದಕ್ಕೆ ಹೋದರೆ ಸೂರ್ಯ ಗಡಿಯಾರದಲ್ಲಿ ಬೇಗ ಮುಳುಗುತ್ತಾನೆ. ನಿನ್ನೆ ಕೆಲಸಕ್ಕೆ ಸೇರಿದ ಹುಡುಗಿಗೂ ಗೊತ್ತಾಗಬೇಕಾದ್ದು.

ಪತ್ರ ತಡವಾಗುತ್ತಿತ್ತು ನಿಜ. ಆದರೆ ಬೋರ್ಯಾ ಪಕ್ಕದ ಕೋಣೆಯಲ್ಲೇ ಇದ್ದ, ಅವನ ಫೋನು ಅವನ ಕೈಯಲ್ಲೇ ಇತ್ತು. ಒಂದು ಮಾತು ಸಾಕಿತ್ತು, ಕರೆಯಲಿಲ್ಲ. ಮಾರನೇ ದಿನ ಕೂತು ನಿನಗೆ ಮೂಲಂಗಿಯ ವಿಷಯ ಬರೆದೆ.

ಯಾಕೆ ಎಂದು ಕೇಳುತ್ತೀ. ಅವರ ದೇವರ ವೇಳಾಪಟ್ಟಿಯಲ್ಲಿ ತಪ್ಪು ಸಿಕ್ಕಿತೆಂದು ಖುಷಿಯಾಯಿತು. ಹುಡುಗಿ ಹೋಗಿ ಮುಗ್ಗರಿಸಲಿ, ಇವರೂ ಎಲ್ಲರ ಹಾಗೇ ಎಂದು ಗೊತ್ತಾಗಲಿ, ಆಮೇಲೆ ನನ್ನ ಬಳಿಗೇ ಬರುತ್ತಾಳೆ ಎಂದುಕೊಂಡೆ. ನಿನ್ನ ಅಮ್ಮ ಹೋದ ಮೇಲೆ ನಾಲ್ಕು ವರ್ಷದ ನಿನ್ನನ್ನು ಎತ್ತಿ ಬೆಳೆಸಿದವಳು ನಾನು. ಆ ಹೆಂಗಸು ಒಂದು ತಟ್ಟೆ ಸೂಪು ಕೊಟ್ಟು ನಿನ್ನನ್ನು ಕಸಿದುಕೊಳ್ಳುತ್ತಾಳೆ ಎಂದು ಹೆದರಿದೆ. ಹೊಟ್ಟೆಕಿಚ್ಚು, ಅಷ್ಟೆ. ಬೇರೆ ಹೆಸರಿಡುವುದಿಲ್ಲ.

"ಗೊತ್ತಿದ್ದೂ ಸುಮ್ಮನಿದ್ರಿ" ಎಂದು ನೀನು ಅವರ ಮೇಲೆ ಕಿರುಚಿದ್ದನ್ನು ಬರೆದಿದ್ದೀಯಲ್ಲ, ಆ ಸಾಲು ಓದಿ ಪತ್ರ ಕೆಳಗಿಟ್ಟೆ. ಅವರು ನಿನ್ನ ಸಂತೋಷ ಉಳಿಸಲು ಒಂದು ದಿನ ಸುಮ್ಮನಿದ್ದರು. ನಾನು ಅದನ್ನು ಹಾಳುಮಾಡಲು ಏಳು ದಿನ ಸುಮ್ಮನಿದ್ದೆ.

ನಮ್ಮ ಕೆಲಸದಲ್ಲಿ ತಪ್ಪು ಬರೆದವನಿಗೆ ಕ್ಷಮೆಯಿತ್ತು, ಮನುಷ್ಯ ನಿದ್ದೆಗೆಡುತ್ತಾನೆ. ತಪ್ಪು ಕಂಡೂ ಬಾಯಿ ಮುಚ್ಚಿದವನಿಗೆ ಇರಲಿಲ್ಲ. ಹಾಗೆ ಮಾಡಿದ ಇಬ್ಬರನ್ನು ನಾನೇ ಮನೆಗೆ ಕಳಿಸಿದ್ದೇನೆ. ಅಜ್ಜಿ ಎಂದು ಸಹಿ ಹಾಕುವ ಹಕ್ಕು ಇವತ್ತು ನನಗಿಲ್ಲ.

ಗೇನ್ಯಾ ಮಾರ್ಕೋವ್ನಾ


ಕಾಸೆಲ್, ಮೇ 5, 2024

ಇನೊಚ್ಕಾ,

ನಿನ್ನ ಕಡೆಯಿಂದ ಏನೂ ಬಂದಿಲ್ಲ. ಬೋರ್ಯಾನ ಫೋನಿಗೂ ಉತ್ತರವಿಲ್ಲವಂತೆ. ಕೆಂಪು ದೀಪವಾದರೆ ಕೆಂಪು ಎಂದಾದರೂ ತೋರಿಸು, ನಿಂತಿರುತ್ತೇನೆ. ಏನೂ ತೋರಿಸದ ಕಂಬದ ಮುಂದೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿಲ್ಲ.

ಅಜ್ಜಿ


ಅಲ್ಮಾತಿ, ಮೇ 19, 2024

ಅಜ್ಜಿ,

ಕೆಂಪು ದೀಪವೇ ಆಗಿತ್ತು. ನಿನ್ನ ಪತ್ರ ಓದಿ ನಿನ್ನ ಮೇಜಿನ ಮೇಲಿನ ಬಟ್ಟೆ ಎಳೆದು ಬಿಸಾಡಿದೆ. ಎರಡು ಲೋಟ ಒಡೆದವು. ಆರು ವಾರ ನಿನಗೆ ಬರೆಯಬಾರದೆಂದೇ ಬರೆಯಲಿಲ್ಲ. ಪ್ರತಿ ಶುಕ್ರವಾರ ಶೇಂಡೆಲ್ "ಅಜ್ಜಿ ಹೇಗಿದಾನೆ?" ಎಂದು ಕೇಳುತ್ತಿದ್ದಳು. ಚೆನ್ನಾಗಿದ್ದಾರೆ ಎಂದು ಸುಳ್ಳು ಹೇಳುತ್ತಿದ್ದೆ. ಮೊನ್ನೆ ಸುಳ್ಳು ಸಾಕಾಗಿ ಎರಡೂ ಪತ್ರ ಅವಳ ಕೈಗಿಟ್ಟೆ. ಓದಲಿ, ಅವಳೂ ನಿನ್ನನ್ನು ಬೈಯಲಿ ಎಂದೇ ಕೊಟ್ಟದ್ದು.

ನಿನ್ನ ಕೈಬರಹ ಓದಲು ಅವಳಿಗೆ ಅರ್ಧ ಗಂಟೆ ಹಿಡಿಯಿತು. ಒಂದೊಂದು ಪದದ ಕೆಳಗೂ ಬೆರಳಿಟ್ಟುಕೊಂಡು ಓದಿದಳು. "ನಿನ್ನೆ ಕೆಲಸಕ್ಕೆ ಸೇರಿದ ಹುಡುಗಿ" ಎಂಬಲ್ಲಿ ಜೋರಾಗಿ ನಕ್ಕಳು. ಮುಂದೆ ನಗಲಿಲ್ಲ. ಮುಗಿಸಿ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ನಾನು ಸಿಟ್ಟು ನೋಡಿದ್ದು ಅದೇ ಮೊದಲು, ಅದೂ ನನ್ನ ಮೇಲೆ.

"ಈ ಪತ್ರ ಬಂದು ಎಷ್ಟು ದಿನ ಆಯ್ತು?"

"ಆರು ವಾರ."

"ಎಂಬತ್ಮೂರು ವರ್ಷದ ಹೆಂಗಸು ತಾನಾಗೇ ಬಂದು ತಪ್ಪಾಯ್ತು ಅಂತ ಬಾಗಿಲಲ್ಲಿ ನಿಂತಿದಾನೆ, ನೀನು ಆರು ವಾರ ಒಳಗೆ ಕರೀಲಿಲ್ವಾ? ನಮ್ಮನೇಲಿ ಯಾರನ್ನಾದ್ರೂ ಬಾಗಿಲಲ್ಲಿ ನಿಲ್ಸಿದ್ದು ನೋಡಿದೀಯಾ ಇನೆಸ್ಸಾ?"

"ಅವರು ಬೇಕಂತಲೇ ಮಾಡಿದ್ದು!"

"ಹೌದು. ಬರ್ದಿದಾನಲ್ಲ! ಯಾರೂ ಕೇಳಿರ್ಲಿಲ್ಲ, ಬರೀದೇ ಇದ್ದಿದ್ರೆ ನಿಂಗೆ ಜನ್ಮದಲ್ಲಿ ಗೊತ್ತಾಗ್ತಿರ್ಲಿಲ್ಲ. ಆದ್ರೂ ಬರ್ದ. ನಾನು ಚೀಟಿ ತಪ್ಪಿಸಿದ್ದು ಅರವತ್ತು ಮನೇಗೆ ಗೊತ್ತಾಗಿಬಿಟ್ಟಿತ್ತು, ನಾನು ಒಪ್ಕೊಳ್ದೇ ಏನ್ಮಾಡ್ಲಿ? ಇವನದ್ದು ದೊಡ್ಡದು."

ಆಮೇಲೆ ಕಣ್ಣೊರೆಸಿಕೊಂಡು ಒಳಗೆ ಹೋಗಿ ಕಾಗದದ ಒಂದು ಕಟ್ಟು ತಂದಳು. ಮುಂದಿನ ವರ್ಷದ ಕ್ಯಾಲೆಂಡರಿನ ಕರಡು. "ಹದಿನಾಲ್ಕು ವರ್ಷದಲ್ಲಿ ನನ್ನ ಪಟ್ಟೀನ ಅಷ್ಟು ಗಮನ ಕೊಟ್ಟು ನೋಡ್ದೋರು ಇವನೊಬ್ಬನೇ," ಎಂದಳು. "ಕೇಳು, ಇದನ್ನ ನೋಡಿಕೊಡ್ತಾರಾ ಅಂತ."

ಅಜ್ಜಿ, ನನ್ನ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಈ ಆರು ವಾರ ದೀಪ ಹಚ್ಚಿ ಕಣ್ಣು ಮುಚ್ಚಿದಾಗಲೆಲ್ಲ ಮೊದಲು ಬಂದದ್ದು ನಿನ್ನ ಮುಖವೇ. ಒಳಗೆ ಬಾ.

ಕರಡು ಇದರ ಜೊತೆಗಿದೆ. ಪೆನ್ಸಿಲಿನಲ್ಲಿ ಗುರುತು ಹಾಕು, ಪೆನ್ನು ಬೇಡವಂತೆ.

ಇನೆಸ್ಸಾ


ಕಾಸೆಲ್, ಜೂನ್ 16, 2024

ಇನೊಚ್ಕಾ, ಪುಟ್ಟೀ,

ಪತ್ರವನ್ನು ಎದೆಯ ಮೇಲಿಟ್ಟುಕೊಂಡು ಮಧ್ಯಾಹ್ನವಿಡೀ ಮಲಗಿದ್ದೆ. ಬೋರ್ಯಾನ ಹೆಂಡತಿ ಗಾಬರಿಯಾಗಿ ನಾಡಿ ನೋಡಿದಳು.

ಕರಡು ನೋಡಿಕೊಡುತ್ತೇನೆ. ಕೆಲಸ ಕೆಲಸವೇ, ದೇವರಿಗೂ ನನಗೂ ಅದರಲ್ಲಿ ಯಾವ ಒಪ್ಪಂದವೂ ಇಲ್ಲ ಎಂದು ಅವಳಿಗೆ ಹೇಳು. ಪೆನ್ಸಿಲ್ ಎಂದರೆ ಪೆನ್ಸಿಲ್. ಯಾವ ಕೆಲಸಕ್ಕೆ ಯಾವುದು ಎಂದು ಅವಳಿಗೆ ಗೊತ್ತಿದೆ, ಪರವಾಗಿಲ್ಲ.

ಇನ್ನೊಂದು ವಿಷಯ. ಆ ಎಂಟನೆಯ ದೀಪ ಅವಳದ್ದಲ್ಲ, ನನ್ನದು. ಅವಳ ಕೈ ತಪ್ಪಿತು, ನಾನು ತಪ್ಪಿಸಿದೆ. ದಂಡ ಬೀಳಬೇಕಾದ್ದು ನನಗೆ. ಅವಳು ತೆಗೆದುಬಿಡಲಿ, ಇಲ್ಲದಿದ್ದರೆ ನಿಮ್ಮೂರ ಹೆಂಗಸರು ಆರನೇ ಮಗುವಿಗೆ ಕಾಲುಚೀಲ ಹೆಣೆದು ತರುತ್ತಾರೆ. ಬದುಕಿರುವವರೆಗೆ ಎಂದಿದ್ದೀಯಲ್ಲ, ನನ್ನ ವಯಸ್ಸಿಗೆ ಅದು ದೊಡ್ಡ ಶಿಕ್ಷೆಯೂ ಅಲ್ಲ.

ಮೊನ್ನೆ ಶುಕ್ರವಾರ ಶುರುಮಾಡಿದೆ. ಇಲ್ಲಿ ಈ ತಿಂಗಳು ಸೂರ್ಯ ಮುಳುಗುವುದು ಒಂಬತ್ತೂವರೆಯ ಮೇಲೆ. ಎಂಟೂವರೆಗೆ ಮಲಗುವವಳು ಕುರ್ಚಿಯಲ್ಲಿ ತೂಕಡಿಸುತ್ತ ಕಾದೆ. ಲೆಕ್ಕ ಹಾಕಿದ್ದೆ, 9:19. ಮೂರು ಗಡಿಯಾರ ನೋಡಿ ಹಚ್ಚಿದೆ. ಒಂದೇ ದೀಪ, ದಂಡದ್ದು ಮಾತ್ರ. ಮೊದಲಿನ ಎರಡರಲ್ಲಿ ನನಗೆ ನಂಬಿಕೆಯಿಲ್ಲ, ಅವು ನಿಮಗಿರಲಿ.

ಅಜ್ಜಿ


ಅಲ್ಮಾತಿ, ಜುಲೈ 7, 2024

ಪ್ರೀತಿಯ ಅಜ್ಜಿ,

ನಿನ್ನ ಪತ್ರವನ್ನು ಶೇಂಡೆಲ್‌ಗೆ ಜೋರಾಗಿ ಓದಿ ಹೇಳಿದೆ. ಒಂದೇ ದೀಪ ಎಂಬಲ್ಲಿ ಇನ್ನೊಮ್ಮೆ ಓದು ಎಂದಳು. ಇನ್ನೊಮ್ಮೆ ಓದಿದೆ. ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು.

ಎಂಟನೆಯದನ್ನು ತೆಗೆಯುವುದಿಲ್ಲವಂತೆ. "ಹಚ್ಚಿದ್ದನ್ನ ತೆಗೆಯೋದು ನಂಗೆ ಬರಲ್ಲ. ಅವರದ್ದು ಅಲ್ಲಿ ಉರೀಲಿ, ನನ್ನದು ಇಲ್ಲಿ ಉರೀಲಿ," ಎಂದಳು. ನಂಬಿಕೆಯ ವಿಷಯ ಒಂದು ಮಾತೂ ಆಡಲಿಲ್ಲ. ನಾನು ಕೇಳಿದ್ದಕ್ಕೆ "ಅವರು ಯಾವಾಗ್ಲೂ ಒಳಗೇ ಇದ್ರು, ನಾನೇನು ಕರೀಲಿ?" ಎಂದಳು.

ಈ ಶುಕ್ರವಾರ ತಟ್ಟೆ ಜೋಡಿಸುವಾಗ ಮೂರರ ಬದಲು ನಾಲ್ಕು ಹೆಚ್ಚಿಗೆ ಕೊಟ್ಟಳು. ನಾಲ್ಕನೆಯದು ಯಾರಿಗೆ ಎಂದು ನಾನು ಕೇಳಲಿಲ್ಲ.

ಇನೆಸ್ಸಾ


ಕಾಸೆಲ್, ಆಗಸ್ಟ್ 18, 2024

ಇನೊಚ್ಕಾ,

ಕರಡು ವಾಪಸ್ಸು ಕಳಿಸಿದ್ದೇನೆ. ಮೂರು ಸಲ ನೋಡಿದೆ. ಎರಡು ತಪ್ಪು, ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ಮೇ ತಿಂಗಳ ಎರಡನೇ ಶುಕ್ರವಾರದ ಹೊತ್ತು ಮೊದಲನೇ ಶುಕ್ರವಾರಕ್ಕಿಂತ ಬೇಗ ಬಂದಿದೆ. ಮೇ ತಿಂಗಳಲ್ಲಿ ಸೂರ್ಯ ಹಾಗೆ ಮಾಡುವುದಿಲ್ಲ. ಇನ್ನೊಂದು ಡಿಸೆಂಬರಿನಲ್ಲಿ, ಅಂಕಿ ಹಿಂದುಮುಂದಾಗಿದೆ. ಉಳಿದದ್ದೆಲ್ಲ ಸರಿ. ಬ್ರೂಕ್ಲಿನ್ ಹುಡುಗಿಗೆ ಹೇಳು, ಚೆನ್ನಾಗಿ ಮಾಡಿದ್ದಾಳೆ. ನಾನು ನನ್ನ ಕೈಕೆಳಗಿನ ಯಾರಿಗೂ ಈ ಮಾತು ಹೇಳಿದವಳಲ್ಲ.

ಒಂದು ಕೊರತೆಯಿದೆ, ಅದನ್ನು ಕೊನೆಯ ಪುಟದಲ್ಲಿ ಬರೆದಿದ್ದೇನೆ. ಅಲ್ಮಾತಿಯ ಪಕ್ಕದಲ್ಲಿ ಕಾಸೆಲ್‌ಗೆ ಒಂದು ಸಾಲು ಬೇಕು. ವಾರ ವಾರ ಕೈಯಲ್ಲಿ ಲೆಕ್ಕ ಹಾಕಿ ಸಾಕಾಗಿದೆ. ಐವತ್ತೆರಡು ಶುಕ್ರವಾರಗಳನ್ನೂ ನಾನೇ ತುಂಬಿಸಿದ್ದೇನೆ, ಅವರು ಅಚ್ಚು ಹಾಕಿದರೆ ಸಾಕು.

ಎಷ್ಟು ದೀಪ ಎಂದು ಅವಳು ಕೇಳಬಹುದು. ಮೂರು ಎಂದು ಹೇಳು. ಒಂದೇ ದೀಪ ಮೇಜಿನ ಮೇಲೆ ತೀರಾ ಒಂಟಿಯಾಗಿ ಕಾಣುತ್ತಿತ್ತು.

ಅಜ್ಜಿ